ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಡೌನ್‌ಟನ್ ಆ್ಯಬಿ’ಯ ಕೊನೆಯ ಕಂತು ಎಲ್ಲರಿಗೂ ಸುಖ ಹಂಚಿದ್ದು ಸರಿಯೇ?

ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 2010ರ ಸೆಪ್ಟೆಂಬರ್‌ನಿಂದ 2015ರ ಕ್ರಿಸ್‌ಮಸ್ ದಿನದವರೆಗೆ ಆರು ಸರಣಿಗಳಲ್ಲಿ, ಒಟ್ಟು 52 ಕಂತುಗಳಲ್ಲಿ ಪ್ರಸಾರವಾದ, ಲಾರ್ಡ್ ಗ್ರ್ಯಾಂಥಮ್ ಎಂಬ ಇಂಗ್ಲೆಂಡಿನ ಅರ್ಲ್ ಬಿರುದಿನ ಜಮೀನುದಾರನ ಕುಟುಂಬ ಮತ್ತು ಅವರ ಮನೆಯಾಳುಗಳ ಕಥೆಯಾದ ‘ಡೌನ್‌ಟನ್ ಆ್ಯಬಿ’ ಧಾರಾವಾಹಿಯನ್ನು ಬೆಂಗಳೂರಿನ ಅನೇಕ ಮನೆಗಳು ತಡವಾಗಿ, ತಮ್ಮ ತಮ್ಮ ಬಿಡುವಿಗೆ ತಕ್ಕಂತೆ ನೋಡಿವೆ. 2025ರಲ್ಲಿ ಅದರ ಮೂರನೆಯ ಚಲನಚಿತ್ರ ತೆರೆಕಂಡ ಬಳಿಕ ಕಥೆಯನ್ನು ಮೊದಲಿನಿಂದ ನೋಡಲು ಕುಳಿತವರೂ ಹಲವರು. ಅಂಥವರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಧಾರಾವಾಹಿಯ ಅಂತಿಮ ಕಂತನ್ನು ಕುರಿತೇ ಇರುವುದರಿಂದ ಈ ಬಾರಿಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಇನ್ನೂ ನೋಡದವರು ಗಮನಿಸಬೇಕು: ಮುಂದಿನ ಉತ್ತರಗಳಲ್ಲಿ ಕಥೆಯ ಕೊನೆಯವರೆಗಿನ ವಿವರಗಳಿವೆ.

ಪ್ರಶ್ನೆ: ಆರು ಸರಣಿಗಳ ಉದ್ದಕ್ಕೂ ಅಳಿಸಿದವರು ಕೊನೆಯ ಕಂತಿನಲ್ಲಿ ಮದುವೆ, ಹೆರಿಗೆ, ಬಡ್ತಿ, ರಾಜಿ ಎಲ್ಲವನ್ನೂ ಒಟ್ಟಿಗೆ ತಂದು ಸುರಿದಿದ್ದಾರೆ. ನಮ್ಮ ಮನೆಯಲ್ಲಿ ಅತ್ತೆಯವರಿಗೆ ತೃಪ್ತಿಯಾಯಿತು, ನನಗೆ ಮೋಸ ಹೋದಂತೆ ಅನಿಸಿತು. ಯಾರು ಸರಿ?
(ಓದುಗರೊಬ್ಬರು, ಬಸವನಗುಡಿ)

ಉತ್ತರ: ನಿಮ್ಮ ಅತ್ತೆಯವರ ತೃಪ್ತಿಗೆ ನಮ್ಮ ರಂಗಪರಂಪರೆಯ ಬೆಂಬಲವೇ ಇದೆ. ಯಕ್ಷಗಾನವು ರಾತ್ರಿಯಿಡೀ ಎಷ್ಟೇ ರಕ್ತಪಾತವನ್ನು ಕಾಣಿಸಿದರೂ ಬೆಳಗಿನ ಜಾವ ಮಂಗಳ ಹಾಡದೆ ಮುಗಿಯುವುದಿಲ್ಲ. ಕಂಪನಿ ನಾಟಕಗಳಲ್ಲೂ ಅದೇ ಪದ್ಧತಿಯಿತ್ತು. ಹಳೆಯ ಚಲನಚಿತ್ರಗಳಲ್ಲಿ ಇಡೀ ಕುಟುಂಬ ಒಂದೆಡೆ ನಿಂತ ಮೇಲೆ ತೆರೆಯ ಮೇಲೆ ‘ಶುಭಂ’ ಎಂದು ಮೂಡುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ದೀರ್ಘಕಾಲ ಜೊತೆಗಿದ್ದ ಪಾತ್ರಗಳನ್ನು ಕ್ಷೇಮವಾಗಿ ಬೀಳ್ಕೊಡಬೇಕೆಂಬ ಆಸೆ ಪ್ರೇಕ್ಷಕರ ದೌರ್ಬಲ್ಯವಲ್ಲ, ಅದು ಕಥೆಯೊಡನೆ ಬೆಳೆದ ಸಂಬಂಧದ ಸಹಜ ಫಲ. ಈ ಕಥೆ ಆರಂಭವಾಗುವುದೇ 1912ರ ಏಪ್ರಿಲ್‌ನಲ್ಲಿ, ಟೈಟಾನಿಕ್ ಹಡಗು ಮುಳುಗಿ ಮನೆತನದ ವಾರಸುದಾರರಿಬ್ಬರು ಸತ್ತರೆಂಬ ಸುದ್ದಿಯೊಂದಿಗೆ. ಮುಂದೆ ಮೊದಲ ಮಹಾಯುದ್ಧ. ಕಿರಿಯ ಮಗಳು ಸಿಬಿಲ್ ಹೆರಿಗೆಯ ಬೆನ್ನಲ್ಲೇ ನಂಜಿನ ಸೆಳೆತಕ್ಕೆ ಬಲಿಯಾಗುತ್ತಾಳೆ. ಮಗು ಹುಟ್ಟಿದ ದಿನವೇ ಹಿರಿಯ ಮಗಳು ಮೇರಿಯ ಗಂಡ ಮ್ಯಾಥ್ಯೂ ಕಾರು ಅಪಘಾತದಲ್ಲಿ ಸಾಯುತ್ತಾನೆ. ಆ ಕಂತು 2012ರ ಕ್ರಿಸ್‌ಮಸ್ ರಾತ್ರಿ ಪ್ರಸಾರವಾದಾಗ ಅಲ್ಲಿನ ಪ್ರೇಕ್ಷಕರು ಬಹಿರಂಗವಾಗಿಯೇ ಕೋಪಗೊಂಡಿದ್ದರು. ಇಷ್ಟು ದುಃಖ ಉಂಡವರಿಗೆ ಕೊನೆಯಲ್ಲಿ ಒಂದು ಹಬ್ಬದೂಟ ಬಡಿಸಿದರೆ ಅದನ್ನು ತಪ್ಪೆನ್ನಲಾಗದು.

ಆದರೆ ಮೋಸ ಹೋದಂತಾಯಿತೆಂಬ ನಿಮ್ಮ ಮಾತಿನಲ್ಲೂ ಸತ್ಯವಿದೆ, ಮತ್ತು ಅದು ಯಾವ ಜಾಗದಲ್ಲಿದೆ ಎಂಬುದನ್ನು ನಿಖರವಾಗಿ ಗುರುತಿಸಬೇಕು. ಮ್ಯಾಥ್ಯೂನ ತಾಯಿ ಇಸೊಬೆಲ್‌ಳನ್ನು ಮದುವೆಯಾಗಲು ಬಯಸಿದ್ದ ಲಾರ್ಡ್ ಮರ್ಟನ್ ಅವರಿಗೆ ಮಾರಕ ರಕ್ತಹೀನತೆ ಬಂದಿದೆಯೆಂದು ಮೊದಲು ಹೇಳಲಾಗುತ್ತದೆ. 1925ರಲ್ಲಿ ಆ ರೋಗಕ್ಕೆ ಮದ್ದಿರಲಿಲ್ಲ. ಪ್ರಾಣಿಗಳ ಪಿತ್ತಜನಕಾಂಗವನ್ನು ಆಹಾರವಾಗಿ ಕೊಟ್ಟು ರೋಗಿಗಳನ್ನು ಉಳಿಸಬಹುದೆಂದು ಅಮೆರಿಕದ ವೈದ್ಯರಾದ ಮೈನಟ್ ಮತ್ತು ಮರ್ಫಿ ಪ್ರಕಟಿಸಿದ್ದು 1926ರಲ್ಲಿ. ಸಾಯುತ್ತಿರುವ ವೃದ್ಧನನ್ನು ಅವನ ಸೊಸೆಯ ಹಿಡಿತದಿಂದ ಬಿಡಿಸಿ ತರುವ ಇಸೊಬೆಲ್‌ಳ ನಿರ್ಧಾರ ಇಡೀ ಕಂತಿನ ಧೀರ ಕ್ಷಣಗಳಲ್ಲಿ ಒಂದು, ಏಕೆಂದರೆ ಆಕೆ ಆಯ್ದುಕೊಂಡದ್ದು ಕೆಲವೇ ತಿಂಗಳ ದಾಂಪತ್ಯವನ್ನು. ಅನಂತರ ವೈದ್ಯರು ಬಂದು ಅದು ಸಾಮಾನ್ಯ ರಕ್ತಹೀನತೆ ಮಾತ್ರವೆಂದು ಹೇಳಿಬಿಟ್ಟಾಗ ಆ ಧೈರ್ಯದ ಬೆಲೆಯೇ ಇಳಿದುಹೋಯಿತು. ಎರಡನೆಯ ಮಗಳು ಎಡಿತ್‌ಳ ಮದುವೆಗೆ, ಮೇರಿಯ ಸೇವಕಿ ಅನ್ನಾಳ ಹೆರಿಗೆಗೆ ನಾವು ವರ್ಷಗಟ್ಟಲೆ ಕಾದಿದ್ದೆವು, ಆ ಸುಖಗಳು ದುಡಿದು ಗಳಿಸಿದವು. ಮರ್ಟನ್ ಗುಣವಾದದ್ದು ಮಾತ್ರ ಬಿಟ್ಟಿ ಸಿಕ್ಕ ಸುಖ. ನಿಮಗೆ ಕಸಿವಿಸಿಯಾದದ್ದು ಸಿಹಿಯ ಪ್ರಮಾಣದಿಂದಲ್ಲ, ಅದರಲ್ಲಿ ಸ್ವಲ್ಪ ಪಾಲು ಗಳಿಸದೆ ಬಂದದ್ದರಿಂದ ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ತಂಗಿಯ ಬಾಳನ್ನು ಹಾಳು ಮಾಡಿದ ಮೇರಿಗೆ ಯಾವ ಶಿಕ್ಷೆಯೂ ಆಗಲಿಲ್ಲವಲ್ಲ? ಎಡಿತ್ ಅಷ್ಟು ಸುಲಭವಾಗಿ ಕ್ಷಮಿಸಬಾರದಿತ್ತು.
(ಓದುಗರೊಬ್ಬರು, ರಾಜಾಜಿನಗರ)

ಉತ್ತರ: ಎಡಿತ್ ಸುಲಭವಾಗಿ ಕ್ಷಮಿಸಿದಳೆಂದು ನಮಗೆ ತೋರುವುದಿಲ್ಲ. ಕೊನೆಯ ಕಂತಿಗೆ ಹಿಂದಿನದರಲ್ಲಿ, ಬೆಳಗಿನ ಉಪಾಹಾರದ ಮೇಜಿನ ಮುಂದೆ, ಎಡಿತ್‌ಳನ್ನು ಮದುವೆಯಾಗಬೇಕೆಂದಿದ್ದ ಬರ್ಟಿ ಎದುರಿಗೇ ಕುಳಿತಿರುವಾಗ, ಮೆಚ್ಚುಗೆಯ ಸೋಗಿನಲ್ಲಿ ಮೇರಿ ಆಡುವ ಮಾತು ಎಡಿತ್‌ಳನ್ನು ಮೂಲೆಗೆ ತಳ್ಳುತ್ತದೆ. ಆಶ್ರಿತೆಯಾಗಿ ಮನೆಯಲ್ಲಿ ಬೆಳೆಯುತ್ತಿದ್ದ ಪುಟ್ಟ ಮಾರಿಗೋಲ್ಡ್ ತನ್ನದೇ ಮಗಳೆಂಬ ಸತ್ಯವನ್ನು ಅವಳು ಅಲ್ಲೇ ಹೇಳಬೇಕಾಗುತ್ತದೆ, ಬರ್ಟಿ ದೂರವಾಗುತ್ತಾನೆ. ಅಂತಿಮ ಕಂತಿನಲ್ಲಿ ಮೇರಿಯೇ ಇಬ್ಬರನ್ನೂ ಲಂಡನ್ನಿನ ರಿಟ್ಜ್ ಹೋಟೆಲಿನಲ್ಲಿ ಮುಖಾಮುಖಿ ಮಾಡಿಸುತ್ತಾಳೆ. ಸೋದರತ್ತೆ ರೋಸಮಂಡ್ ಕಾಯುತ್ತಿರುತ್ತಾಳೆಂದುಕೊಂಡು ಬಂದ ಎಡಿತ್‌ಗೆ ಮೇಜಿನ ಬಳಿ ಕಾಣುವವನು ಬರ್ಟಿ. ಕೆಡಿಸಿದ್ದನ್ನು ತಾನೇ ಸರಿಪಡಿಸುವುದು ಪ್ರಾಯಶ್ಚಿತ್ತವೇ ಹೊರತು ಪಾರಾಗುವ ದಾರಿಯಲ್ಲ.

ಅದಕ್ಕಿಂತ ಮುಖ್ಯವಾದದ್ದು ಆಮೇಲಿನ ದೃಶ್ಯ. ಬರ್ಟಿಯ ತಾಯಿ ನೀತಿಯ ವಿಷಯದಲ್ಲಿ ಬಹಳ ಬಿಗಿಯಾದವಳು. ಸುಮ್ಮನಿದ್ದರೆ ಮದುವೆ ನಿರ್ವಿಘ್ನವಾಗಿ ನಡೆಯುವಂತಿರುವಾಗ, ನಿಶ್ಚಿತಾರ್ಥ ಘೋಷಣೆಯಾಗುವ ಮೊದಲೇ ಎಡಿತ್ ತಾನಾಗಿ ಹೋಗಿ ಆಕೆಗೆ ಎಲ್ಲವನ್ನೂ ಹೇಳುತ್ತಾಳೆ. ಹಿಂದಿನ ಕಂತಿನಲ್ಲಿ ಅಕ್ಕನ ಬಲವಂತಕ್ಕೆ ಹೊರಬಿದ್ದ ಸತ್ಯವನ್ನು ಈ ಕಂತಿನಲ್ಲಿ ಸ್ವಂತ ಇಚ್ಛೆಯಿಂದ ಒಪ್ಪಿಸುತ್ತಾಳೆ. ಎಲ್ಲವನ್ನೂ ಕಳೆದುಕೊಳ್ಳಬಹುದೆಂದು ತಿಳಿದೂ ಸುಳ್ಳು ಹೇಳದ ಹೆಣ್ಣು ಎಂಬ ಕಾರಣಕ್ಕೇ ಆ ತಾಯಿ ಕೊನೆಗೆ ಒಪ್ಪಿಕೊಳ್ಳುತ್ತಾಳೆ. ಮೊದಲ ಸರಣಿಯಲ್ಲಿ ಅಕ್ಕನ ಗುಟ್ಟನ್ನು ಪತ್ರ ಬರೆದು ಬಯಲು ಮಾಡಿದವಳೂ ಇದೇ ಎಡಿತ್ ಎಂಬುದನ್ನು ನೆನಪಿಸಿಕೊಂಡರೆ, ಅವಳು ಎಷ್ಟು ದೂರ ನಡೆದು ಬಂದಿದ್ದಾಳೆಂಬುದು ತಿಳಿಯುತ್ತದೆ. ಬರ್ಟಿಯ ಮಾರ್ಕ್ವಿಸ್ ಪದವಿ ತಂದೆಯ ಅರ್ಲ್ ಪದವಿಗಿಂತ ಮೇಲಿನದಾದ್ದರಿಂದ ಮದುವೆಯ ನಂತರ ಅವಳು ತಂದೆಗಿಂತಲೂ ಎತ್ತರದ ಸ್ಥಾನಕ್ಕೆ ಹೋಗುತ್ತಾಳೆ. ಪ್ರೇಕ್ಷಕರು ಹಿಗ್ಗಿದ್ದು ಬಹುಮಟ್ಟಿಗೆ ಆ ಪದವಿಗಾಗಿ ಎಂದು ಹಲವರು ಬರೆದಿದ್ದಾರೆ. ಆ ತಾಯಿಯ ಮುಂದೆ ಅವಳು ನಿಂತ ರೀತಿಗೆ ಹಿಗ್ಗಬೇಕೆಂದು ನಾವು ಹೇಳುತ್ತೇವೆ.

ಮೇರಿಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಎಡಿತ್‌ಳ ಮದುವೆಯ ಹೊತ್ತಿಗೆ ಅವಳು ತಾನು ಗರ್ಭಿಣಿಯೆಂದು ಎರಡನೆಯ ಗಂಡ ಹೆನ್ರಿಗೆ ತಿಳಿಸುತ್ತಾಳೆ, ಆದರೆ ತಂಗಿಯ ದಿನದ ಸಂಭ್ರಮವನ್ನು ತಾನು ಕಸಿಯಬಾರದೆಂದು ಬೇರೆ ಯಾರಿಗೂ ಹೇಳುವುದಿಲ್ಲ. ಅವಳು ಎಡಿತ್‌ಗೆ ಕೊಟ್ಟ ಅತಿ ದೊಡ್ಡ ಉಡುಗೊರೆ ಅದೇ, ಮತ್ತು ಎಡಿತ್‌ಗೆ ಅದು ಗೊತ್ತೂ ಆಗುವುದಿಲ್ಲ.

ಪ್ರಶ್ನೆ: ನನ್ನ ತಾಯಿ ಬಹಳ ವರ್ಷ ಸದಾಶಿವನಗರದ ಮನೆಗಳಲ್ಲಿ ಕೆಲಸ ಮಾಡಿ ನನ್ನನ್ನು ಓದಿಸಿದರು. ಈ ಧಾರಾವಾಹಿಯನ್ನು ಅವರಿಗೆ ಕನ್ನಡದಲ್ಲಿ ವಿವರಿಸುತ್ತಾ ಜೊತೆಯಲ್ಲಿ ನೋಡಿದೆ. ಕೊನೆಯಲ್ಲಿ ಅವರು ಕೇಳಿದ್ದು ಇಷ್ಟೇ: “ಕೆಲಸದವರಿಗೆ ಒಳ್ಳೆಯದಾಗಬೇಕಾದರೆ ಯಜಮಾನರೇ ಮನಸ್ಸು ಮಾಡಬೇಕಾ?” ನನಗೆ ಉತ್ತರ ಹೊಳೆಯಲಿಲ್ಲ.
(ಓದುಗರೊಬ್ಬರು, ಯಶವಂತಪುರ)

ಉತ್ತರ: ಈ ಅಂಕಣಕ್ಕೆ ಬಂದ ಪತ್ರಗಳಲ್ಲೆಲ್ಲ ತೂಕದ ಪ್ರಶ್ನೆ ನಿಮ್ಮ ತಾಯಿಯವರದು. ಅದಕ್ಕೆ ಧಾರಾವಾಹಿಯೊಳಗಿಂದಲೇ ಉತ್ತರ ಹುಡುಕೋಣ.

ಅಂತಿಮ ಕಂತಿನಲ್ಲಿ ಮನೆಯಾಳುಗಳ ಮುಖ್ಯಸ್ಥನಾದ ಬಟ್ಲರ್ ಕಾರ್ಸನ್‌ನ ಕೈ ನಡುಗತೊಡಗುತ್ತದೆ. ಅವನ ತಂದೆಗೂ ತಾತನಿಗೂ ಇದೇ ಕಂಪವಾತ ಬಂದಿತ್ತು, ಅದರ ಅರ್ಥವೇನೆಂದು ಅವನಿಗೆ ಚೆನ್ನಾಗಿ ಗೊತ್ತು. ವೈನ್ ಸುರಿಯುವುದು ಬಟ್ಲರನ ಕೆಲಸಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವಂಥದು. ಬಾಟಲಿಯ ಬಾಯಿ ಗಾಜಿಗೆ ತಾಗಬಾರದು, ಹನಿ ಹೊರಗೆ ಚೆಲ್ಲಬಾರದು. ಎಡಿತ್‌ಳ ಮದುವೆಯ ಸತ್ಕಾರದಲ್ಲಿ ಷಾಂಪೇನ್ ಸುರಿಯಲು ಅವನಿಂದ ಆಗುವುದಿಲ್ಲ. ಬೇರೆ ಮನೆಗೆ ಕೆಲಸಕ್ಕೆ ಹೋಗಿ, ಆ ದಿನ ಅತಿಥಿಯಾಗಿ ಬಂದಿದ್ದ ಥಾಮಸ್ ಬ್ಯಾರೋ ಮುಂದೆ ಬಂದು ಆ ಕೆಲಸವನ್ನು ಕೈಗೆತ್ತಿಕೊಳ್ಳುತ್ತಾನೆ, ಲಾರ್ಡ್ ಗ್ರ್ಯಾಂಥಮ್ ಅಲ್ಲಿಯೇ ಅವನನ್ನು ಹೊಸ ಬಟ್ಲರ್ ಆಗುವಂತೆ ಕೇಳುತ್ತಾನೆ, ಕಾರ್ಸನ್ ಹಿರಿಯನಾಗಿ ಮೇಲ್ವಿಚಾರಣೆಗೆ ಸರಿಯುತ್ತಾನೆ. ಜಿಮ್ ಕಾರ್ಟರ್ ಅವರ ಅಭಿನಯದಲ್ಲಿ ಈ ದೃಶ್ಯಕ್ಕೆ ಕಣ್ಣೀರು ಹಾಕದವರು ಕಡಿಮೆ. ಆದರೆ ನಿಮ್ಮ ತಾಯಿಯವರು ಕಣ್ಣೀರಿನಾಚೆಗೆ ನೋಡಿದ್ದಾರೆ. ಒಬ್ಬನ ಕೈ ಸೋತ ದಿನ ಅವನ ಮುಂದಿನ ಬದುಕು ಏನಾಗಬೇಕೆಂಬುದು ಒಡೆಯನ ಒಳ್ಳೆಯತನದ ಮೇಲೆ ನಿಂತಿದೆ. ಒಡೆಯ ಒಳ್ಳೆಯವನಾದ್ದರಿಂದ ಕಥೆ ಸುಖವಾಗಿ ಮುಗಿಯಿತು. ಹಾಗಲ್ಲದಿದ್ದರೆ? ಈ ಪ್ರಶ್ನೆಯನ್ನು ಆ ಕಂತು ಕೇಳಿಕೊಳ್ಳುವುದಿಲ್ಲ, ಮತ್ತು ಅದು ಅದರ ನಿಜವಾದ ಕೊರತೆ.

ಬ್ಯಾರೋನ ವಿಷಯದಲ್ಲೂ ಅಷ್ಟೆ. ಕೆಲಸ ಹೋಗುವ ಭಯ ಮತ್ತು ಒಂಟಿತನ ಸೇರಿ ಅವನು ಪ್ರಾಣ ಕಳೆದುಕೊಳ್ಳಲು ಹೊರಟಿದ್ದದ್ದು ಹಿಂದಿನ ಕಂತಿನಲ್ಲಿ. ಹುದ್ದೆ ಸಿಕ್ಕಿತು, ಆ ಮಟ್ಟಿಗೆ ಅವನಿಗೆ ಒಂದು ಮನೆ ಸಿಕ್ಕಿತು. ಆದರೆ ಪುರುಷನನ್ನು ಪ್ರೀತಿಸುವ ಪುರುಷನನ್ನು ಆ ದೇಶದ ಕಾನೂನು 1967ರವರೆಗೂ ಅಪರಾಧಿಯೆಂದೇ ಕಂಡಿತು. ನಮ್ಮಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2018ರಲ್ಲಿ. ಬ್ಯಾರೋನ ದುಃಖದ ಆ ಭಾಗವನ್ನು ಯಾವ ಯಜಮಾನನೂ ತೀರಿಸಬಲ್ಲವನಾಗಿರಲಿಲ್ಲ.

ಇನ್ನು ನಿಮ್ಮ ತಾಯಿಯವರಿಗೆ ತೋರಿಸಬೇಕಾದ ಪಾತ್ರಗಳು ಬೇರೆ ಇವೆ. ಮೊದಲ ಸರಣಿಯಲ್ಲಿ ಗ್ವೆನ್ ಎಂಬ ಮನೆಗೆಲಸದ ಹುಡುಗಿ ರಹಸ್ಯವಾಗಿ ಟೈಪ್‌ರೈಟಿಂಗ್ ಕಲಿತು, ಸಿಬಿಲ್‌ಳ ನೆರವಿನಿಂದ ಕಾರ್ಯದರ್ಶಿಯ ಕೆಲಸ ಹಿಡಿದು ಹೊರಟುಹೋಗುತ್ತಾಳೆ. ಆರನೆಯ ಸರಣಿಯಲ್ಲಿ ಅವಳು ಅದೇ ಮನೆಗೆ ಅತಿಥಿಯಾಗಿ ಬಂದು, ಒಂದು ಕಾಲಕ್ಕೆ ತಾನು ಅಣಿಗೊಳಿಸುತ್ತಿದ್ದ ಕೋಣೆಗಳಿರುವ ಮನೆಯಲ್ಲಿ ಊಟಕ್ಕೆ ಕೂರುತ್ತಾಳೆ. ಅಡುಗೆಮನೆಯ ಡೇಸಿ ಪುಸ್ತಕ ಹಿಡಿದು ಓದಿ ಪರೀಕ್ಷೆ ಬರೆಯುತ್ತಾಳೆ. ಎಲ್ಲರ ನಗೆಗೆ ಗುರಿಯಾಗುತ್ತಿದ್ದ ಮೋಲ್ಸ್‌ಲಿ ಶಾಲೆಯ ಮೇಷ್ಟ್ರಾಗುತ್ತಾನೆ. ತರಗತಿಯಲ್ಲಿ ತಡವರಿಸಿ ಸೋತವನು, ತಾನೂ ಮನೆಯಾಳಾಗಿದ್ದೆನೆಂದು ಮಕ್ಕಳಿಗೆ ಹೇಳಿದ ಮೇಲೆಯೇ ಅವರ ವಿಶ್ವಾಸ ಗಳಿಸುತ್ತಾನೆ. ಈ ಮೂವರ ಸುಖದಲ್ಲಿ ಯಜಮಾನರ ಪಾಲು ಸ್ವಲ್ಪ, ಅಕ್ಷರದ ಪಾಲು ಬಹಳ. ನಿಮ್ಮನ್ನು ಓದಿಸಿದ ತಾಯಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಮನೆಗೆಲಸದವರ ಬದುಕು ಮನೆಯವರ ದಯೆಯ ಮೇಲಷ್ಟೇ ನಿಲ್ಲಬಾರದೆಂಬ ವಿಚಾರಕ್ಕೆ ನಮ್ಮ ನಾಡಿನಲ್ಲೂ ಒಂದು ಇತಿಹಾಸವಿದೆ. ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದು ಕರ್ನಾಟಕ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2004ರಲ್ಲಿ. ಆದರೂ ಬೆಂಗಳೂರಿನ ಎಷ್ಟು ಮನೆಗಳಲ್ಲಿ ವಾರದ ರಜೆ, ಕಾಯಿಲೆಯ ದಿನದ ಸಂಬಳ ಇಂದಿಗೂ ಕೇಳಿ ಪಡೆಯಬೇಕಾದ ಉಪಕಾರವಾಗಿಯೇ ಉಳಿದಿವೆಯೆಂಬುದನ್ನು ಈ ಅಂಕಣವನ್ನು ಓದುವ ಪ್ರತಿಯೊಬ್ಬರೂ ಯೋಚಿಸಬೇಕು.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಆಸ್ತಿಯಿಲ್ಲವೆಂಬ ಸಂಗತಿಯಿಂದಲೇ ಕಥೆ ಆರಂಭವಾಯಿತು. ಕೊನೆಯ ಕಂತು ಅದನ್ನು ಮರೆತೇಬಿಟ್ಟಿತಲ್ಲ?
(ಓದುಗರೊಬ್ಬರು, ಮಲ್ಲೇಶ್ವರ)

ಉತ್ತರ: ಮರೆಯಿತು ಎಂದು ನಮಗೂ ಅನಿಸಿತ್ತು, ಆದರೆ ತಾರೀಖನ್ನು ಗಮನಿಸಿದಾಗ ಕುತೂಹಲದ ಸಂಗತಿಯೊಂದು ಕಾಣುತ್ತದೆ. ಕಥೆ ಮುಗಿಯುವುದು 1925ರ ಡಿಸೆಂಬರ್ 31ರ ಮಧ್ಯರಾತ್ರಿ. ಉಯಿಲು ಬರೆಯದೆ ಸತ್ತವರ ಭೂಮಿ ಹಿರಿಯ ಮಗನಿಗೇ ಸೇರುತ್ತದೆಂಬ ಹಳೆಯ ನಿಯಮವನ್ನು ತೆಗೆದುಹಾಕಿದ ಇಂಗ್ಲೆಂಡಿನ ಕಾಯಿದೆ ಜಾರಿಗೆ ಬಂದದ್ದು 1926ರ ಜನವರಿ 1ರಂದು. ಮನೆಮಂದಿಯೆಲ್ಲ ಹೊಸ ವರ್ಷವನ್ನು ಹಾಡಿ ಸ್ವಾಗತಿಸುವ ಆ ಗಳಿಗೆಯಲ್ಲೇ ಕಾನೂನೂ ಬದಲಾಗುತ್ತಿತ್ತು. ಬರಹಗಾರ ಜೂಲಿಯನ್ ಫೆಲೋಸ್ ಅದರ ಬಗ್ಗೆ ಪಾತ್ರಗಳ ಬಾಯಲ್ಲಿ ಒಂದು ಮಾತನ್ನೂ ಆಡಿಸುವುದಿಲ್ಲ. ಅರ್ಲ್ ಎಂಬಂಥ ಬಿರುದುಗಳು ಗಂಡುಸಂತಾನಕ್ಕೇ ಹೋಗುವ ಪದ್ಧತಿ ಮಾತ್ರ ಅದರಿಂದ ಬದಲಾಗಲಿಲ್ಲ, ಆದ್ದರಿಂದ ಮೇರಿ ಎಸ್ಟೇಟನ್ನು ಎಷ್ಟೇ ಸಮರ್ಥವಾಗಿ ನಡೆಸಿದರೂ ಬಿರುದು ಅವಳ ಮಗ ಜಾರ್ಜ್‌ಗೇ.

ನಮ್ಮ ಹಳೆಯ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತ್ತು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹುಟ್ಟು ಹಕ್ಕೆಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಹಾಗಿದ್ದೂ ಮಲ್ಲೇಶ್ವರದ ನಿವೇಶನಗಳ ವ್ಯಾಜ್ಯಗಳಲ್ಲಿ ತಂಗಿಯಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಳ್ಳುವ ಅಣ್ಣಂದಿರು ಇನ್ನೂ ಇದ್ದಾರೆ. ಮೇರಿಯ ಕಥೆ ನಮ್ಮ ಹೆಣ್ಣುಮಕ್ಕಳಿಗೆ ಅಷ್ಟು ಬೇಗ ಅರ್ಥವಾಗುವುದು ಈ ಕಾರಣಕ್ಕೇ.

ಪ್ರಶ್ನೆ: ಕಥೆಯಲ್ಲಿ ಸುಮಾರು 14 ವರ್ಷ ಕಳೆದರೂ ಯಾರಿಗೂ ವಯಸ್ಸಾಗುವುದಿಲ್ಲ ಏಕೆ? ಆ ಮನೆ ನಿಜವಾಗಿಯೂ ಇದೆಯೇ?
(ಓದುಗರೊಬ್ಬರು, ಕೋರಮಂಗಲ)

ಉತ್ತರ: ಕಥೆಯ ಕಾಲ 1912ರಿಂದ 1925, ಚಿತ್ರೀಕರಣದ ಕಾಲ ಅದರ ಅರ್ಧಕ್ಕೂ ಕಡಿಮೆ, ಆದ್ದರಿಂದ ಆ ವ್ಯತ್ಯಾಸ. ಮನೆ ನಿಜವಾಗಿಯೂ ಇದೆ: ಹ್ಯಾಂಪ್‌ಶೈರ್‌ನ ಹೈಕ್ಲಿಯರ್ ಕ್ಯಾಸಲ್. ಟುಟಾಂಕಾಮನ್ ಸಮಾಧಿಯ ಉತ್ಖನನಕ್ಕೆ ಹಣ ಕೊಟ್ಟ ಕಾರ್ನಾರ್ವನ್ ಅರ್ಲ್ ಅವರ ಮನೆತನದ್ದು. ನೆಲಮಹಡಿಯ ಅಡುಗೆಮನೆ ಮಾತ್ರ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್.

ಪ್ರಶ್ನೆ: ನಮ್ಮನ್ನು ಆಳಿದವರ ಮನೆಯ ಸುಖದುಃಖಕ್ಕೆ ನಾವೇಕೆ ಕಣ್ಣೀರು ಹಾಕಬೇಕು?
(ಓದುಗರೊಬ್ಬರು, ಬನಶಂಕರಿ)

ಉತ್ತರ: ಕಣ್ಣೀರು ಹಾಕುತ್ತಲೇ ಈ ಪ್ರಶ್ನೆಯನ್ನೂ ಕೇಳುತ್ತಿರಬೇಕು. ಧಾರಾವಾಹಿಯಲ್ಲಿ ಮನೆತನದ ಬಂಧು ರೋಸ್‌ಳ ತಂದೆಗೆ ಬಾಂಬೆಯಲ್ಲಿ ಹುದ್ದೆ ಸಿಗುತ್ತದೆ. ಭಾರತವೆಂದರೆ ಅವರಿಗೆ ಬಹುಮಟ್ಟಿಗೆ ಅಷ್ಟೆ. ಎರಡನೆಯ ಸರಣಿ ತೋರಿಸುವ ಮಹಾಯುದ್ಧದಲ್ಲೇ ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದುಕೊಟ್ಟವರಲ್ಲಿ ಒಂದಾಗಿತ್ತು, ಅವರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಡೌನ್‌ಟನ್‌ನ ಅಜ್ಜಿ ವಯೊಲೆಟ್ 1912ರಲ್ಲಿ ವಿದ್ಯುದ್ದೀಪದ ಪ್ರಖರತೆಗೆ ಮುಖ ಮುಚ್ಚಿಕೊಳ್ಳುತ್ತಾಳೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಅದೇ ಕಾಲಘಟ್ಟದ ನಮ್ಮ ಕಥೆಗಳನ್ನು ಇಷ್ಟೇ ಶ್ರದ್ಧೆಯಿಂದ ತೆರೆಗೆ ತರುವವರಿಲ್ಲವಲ್ಲ ಎಂಬ ನೋವು ನಮಗೂ ಇದೆ.

ಪ್ರಶ್ನೆ: ನಮ್ಮ ಕನ್ನಡ ಧಾರಾವಾಹಿಗಳಿಗೆ ಇಂಥ ನೆಮ್ಮದಿಯ ಕೊನೆ ಏಕೆ ಸಿಗುವುದಿಲ್ಲ? ಒಂದೋ ಎಳೆಯುತ್ತಾರೆ, ಇಲ್ಲವೇ ಒಂದು ದಿನ ಥಟ್ಟನೆ ಮುಗಿಸುತ್ತಾರೆ.
(ಓದುಗರೊಬ್ಬರು, ವಿಜಯನಗರ)

ಉತ್ತರ: ಕಾರಣ ಬರಹಗಾರರ ಪ್ರತಿಭೆಯ ಕೊರತೆಯಲ್ಲ. ಡೌನ್‌ಟನ್ ಆರು ವರ್ಷಗಳಲ್ಲಿ ಕೊಟ್ಟ 52 ಕಂತುಗಳನ್ನು ವಾರಕ್ಕೆ ಐದು ದಿನ ಬರುವ ನಮ್ಮ ದೈನಿಕ ಧಾರಾವಾಹಿ ಎರಡೂವರೆ ತಿಂಗಳೊಳಗೆ ಮುಗಿಸಿರುತ್ತದೆ. ಇಂದು ಚಿತ್ರೀಕರಿಸಿದ್ದು ಕೆಲವೇ ದಿನಗಳಲ್ಲಿ ಪ್ರಸಾರವಾಗುವ ಒತ್ತಡದಲ್ಲಿ, ವಾರವಾರದ ಟಿಆರ್‌ಪಿ ನೋಡಿಕೊಂಡು ಕಥೆಯ ದಿಕ್ಕು ನಿರ್ಧಾರವಾಗುತ್ತದೆ. ಆರನೆಯದೇ ಕೊನೆಯ ಸರಣಿಯೆಂದು ಡೌನ್‌ಟನ್ ತಂಡ ಅದು ಪ್ರಸಾರವಾಗುವ ತಿಂಗಳುಗಳ ಮೊದಲೇ ಪ್ರಕಟಿಸಿತ್ತು. ಯಾವ ಪಾತ್ರವನ್ನು ಎಲ್ಲಿಗೆ ಮುಟ್ಟಿಸಬೇಕೆಂದು ಯೋಚಿಸಲು ಅವರಿಗೆ ಒಂದಿಡೀ ಸರಣಿಯ ಅವಕಾಶವಿತ್ತು. ನಮ್ಮ ವಾಹಿನಿಗಳು ಮುಕ್ತಾಯದ ದಿನವನ್ನು ನಿರ್ದೇಶಕರಿಗೆ ಕನಿಷ್ಠ ಮೂರು ತಿಂಗಳು ಮೊದಲು ತಿಳಿಸುವ ಪದ್ಧತಿ ಇಟ್ಟುಕೊಂಡರೆ ಸಾಕು, ವರ್ಷಗಟ್ಟಲೆ ರಾತ್ರಿಯೂಟದ ಹೊತ್ತಿನಲ್ಲಿ ಜೊತೆಗಿದ್ದ ಪಾತ್ರಗಳಿಗೆ ಒಂದು ಗೌರವದ ವಿದಾಯ ಸಾಧ್ಯ. ನೂರಾರು ಕಂತು ನೋಡಿದ ಪ್ರೇಕ್ಷಕರಿಗೆ ಅದು ಸಲ್ಲಬೇಕಾದ ಬಾಕಿ.

ಪ್ರಶ್ನೆ: ಅಂತಿಮ ಕಂತಿನ ನಂತರವೂ ಮೂರು ಚಲನಚಿತ್ರ ಬಂದಿವೆ. ಹಾಗಾದರೆ ಯಾವುದನ್ನು ಕೊನೆಯೆಂದು ತಿಳಿಯಬೇಕು? ಅವನ್ನೂ ನೋಡಬೇಕೇ?
(ಓದುಗರೊಬ್ಬರು, ಫ್ರೇಜರ್ ಟೌನ್)

ಉತ್ತರ: ನಮ್ಮ ಮಟ್ಟಿಗೆ ಕಥೆಯ ಕೊನೆ 2015ರ ಕಂತೇ. ಹಿಂದಕ್ಕಲ್ಲ, ಮುಂದಕ್ಕೆ ಹೋಗುತ್ತಿದ್ದೇವೆ ಎಂಬರ್ಥದಲ್ಲಿ ಇಸೊಬೆಲ್ ಹೊಸ ವರ್ಷಕ್ಕೆ ಶುಭ ಕೋರಿದಾಗ, ಆಯ್ಕೆ ನಮ್ಮ ಕೈಯಲ್ಲಿದ್ದಿದ್ದರೆ ಎಂದು ವಯೊಲೆಟ್ ಅಜ್ಜಿ ಕೊಡುವ ಉತ್ತರದಲ್ಲಿ ಇಡೀ ಧಾರಾವಾಹಿಯ ಮನಸ್ಸಿದೆ, ಅದರಾಚೆಗೆ ಹೇಳಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

ಆದರೆ ಚಿತ್ರಗಳನ್ನು ಬಿಡಬೇಡಿ. 2019ರ ಮೊದಲ ಚಿತ್ರದಲ್ಲಿ ದೊರೆ ಐದನೆಯ ಜಾರ್ಜ್ ದಂಪತಿಗಳ ಭೇಟಿಗಾಗಿ ನಿವೃತ್ತ ಕಾರ್ಸನ್‌ನನ್ನು ಮತ್ತೆ ಕರೆಸುತ್ತಾರೆ. ಬ್ಯಾರೋನನ್ನು ಬದಿಗೆ ಸರಿಸಿ ಹೀಗೆ ಮಾಡಿದ್ದು ಧಾರಾವಾಹಿಯ ಕೊನೆಗೆ ಮಾಡಿದ ಅನ್ಯಾಯವೆಂದು ಅನೇಕರಂತೆ ನಮಗೂ ಅನಿಸಿತು. ಅದೇ ಚಿತ್ರ ಬ್ಯಾರೋನಿಗೆ ಸ್ನೇಹದ ಒಂದು ಭರವಸೆಯನ್ನೂ ಕೊಡುತ್ತದೆಂಬುದು ಸಮಾಧಾನ. 2022ರ ಎರಡನೆಯ ಚಿತ್ರವನ್ನು ವಯೊಲೆಟ್ ಅಜ್ಜಿಯ ಮರಣದ ದೃಶ್ಯಕ್ಕಾಗಿಯೇ ನೋಡಬೇಕು. ಆ ಪಾತ್ರವನ್ನು ಜೀವಂತಗೊಳಿಸಿದ ಮ್ಯಾಗಿ ಸ್ಮಿತ್ 2024ರ ಸೆಪ್ಟೆಂಬರ್ 27ರಂದು ತೀರಿಕೊಂಡರು. ಪಾತ್ರ ಎರಡನೆಯ ಚಿತ್ರದಲ್ಲೇ ಮುಗಿದುದರಿಂದ ಮೂರನೆಯ ಚಿತ್ರದಲ್ಲಿ ಅವರಿಲ್ಲ. 2025ರ ಆ ಚಿತ್ರದಲ್ಲಿ ಮೇರಿ ಹೆನ್ರಿಯಿಂದ ವಿಚ್ಛೇದನ ಪಡೆದವಳಾಗಿ, ಸಮಾಜದ ಬಹಿಷ್ಕಾರ ಎದುರಿಸುತ್ತಾಳೆ. ಧಾರಾವಾಹಿಯ ಕೊನೆಯಲ್ಲಿ ಎಲ್ಲರಿಗೂ ಸುಖ ಹಂಚಲಾಯಿತೆಂದು ದೂರಿದ ಬಸವನಗುಡಿಯ ಓದುಗರು ಅದನ್ನು ಅಗತ್ಯವಾಗಿ ನೋಡಬೇಕು. ಮೂರನ್ನೂ ಬಿಡುಗಡೆಯ ಕ್ರಮದಲ್ಲೇ, ಧಾರಾವಾಹಿ ಮುಗಿಸಿದ ಮೇಲೆ ಕೆಲವು ದಿನ ಬಿಟ್ಟು ನೋಡುವುದು ಒಳ್ಳೆಯದು.